ದಾರಿ ತಪ್ಪಿದ್ದಕ್ಕೆ ಸಮಜಾಯಿಷಿ

ಅವರ ಬಲಗಾಲಿನ ಹೆಬ್ಬೆರಳು ಉಳಿದ ನಾಲ್ಕು ಬೆರಳುಗಳ ಜೊತೆ ಮಾತು ಬಿಟ್ಟ ಹಾಗೆ ಪಕ್ಕಕ್ಕೆ ತಿರುಗಿಕೊಂಡಿತ್ತು. ಅಗಲವಾದ, ಉಗುರು ಸವೆದ, ಗ್ರೀಸು ಕೂತು ಕಪ್ಪಾದ ಹೆಬ್ಬೆರಳು. ಲಾರಿ ಓಡಿಸುವಾಗ ಅವರು ಚಪ್ಪಲಿ ಹಾಕುತ್ತಿರಲಿಲ್ಲ. ಆಕ್ಸಿಲರೇಟರಿನ ಮೇಲೆ ಇಡೀ ಪಾದ ಊರುವುದು ಗಾಡಿಗೆ ಮಾಡುವ ಅವಮಾನ, ಹೆಬ್ಬೆರಳಲ್ಲಿ ಹೇಳಿದರೆ ಅದಕ್ಕೆ ಅರ್ಥವಾಗುತ್ತದೆ ಎನ್ನುವರು. ಹತ್ತುವ ಮೊದಲು ಚಪ್ಪಲಿಯನ್ನು ನೆಲದ ಮೇಲೆ ಜೋಡಿಸಿ ಬಿಡುವರು. ಬಿಟ್ಟದ್ದನ್ನು ಮರೆತು ಹೊರಟೂಬಿಡುವರು. ಚೆಟ್ಟಳ್ಳಿಯಿಂದ ಮಾಕುಟ್ಟದವರೆಗೆ ಯಾವ ಚಹಾದಂಗಡಿಯಲ್ಲಿ ಕೇಳಿದರೂ ಬೆಂಚಿನಡಿಯಿಂದ ಅವರದೊಂದು ಜೊತೆ ಚಪ್ಪಲಿ ಹೊರಗೆ ಬರುತ್ತಿತ್ತು. ಅಂಗಡಿಯವರು ಅದನ್ನು ಎಸೆಯುತ್ತಿರಲಿಲ್ಲ, ಮುಂದಿನ ಟ್ರಿಪ್ಪಿಗೆ ಎತ್ತಿಡುತ್ತಿದ್ದರು.

ನಾವೆಲ್ಲ ಅವರನ್ನು ಡ್ರೈವರಣ್ಣ ಎನ್ನುತ್ತಿದ್ದೆವು. ಹುಟ್ಟಿದ್ದು ಕುಶಾಲನಗರದ ಹತ್ತಿರ, ಅಜ್ಜನ ಕಾಲಕ್ಕೆ ಹಾಸನದ ಕಡೆಯಿಂದ ಬಂದು ನೆಲೆಸಿದ ಬೇಸಾಯದ ಮನೆಯಲ್ಲಿ. ಯುದ್ಧದ ಸಮಯದಲ್ಲಿ ಮಿಲಿಟರಿ ಸೇರಿ ಬರ್ಮಾದ ಗಡಿಯ ಕಾಡಿನಲ್ಲಿ ಲಾರಿ ಓಡಿಸಿದ್ದರು. ಯುದ್ಧ ಮುಗಿದ ಮೇಲೆ ಚೆಟ್ಟಳ್ಳಿಯ ಹತ್ತಿರದ ನಮ್ಮ ಕಾಫಿ ಎಸ್ಟೇಟಿಗೆ ಬಂದು ಸೇರಿದ್ದರು. ನಾನು ಅಲ್ಲಿಗೆ ಲೆಕ್ಕಪತ್ರ ಬರೆಯುವ ರೈಟರನಾಗಿ ಹೋದಾಗ ಕೊಡಗು ಇನ್ನೂ ತನ್ನದೇ ಒಂದು ರಾಜ್ಯ. ಮಡಿಕೇರಿಯಲ್ಲಿ ಮಂತ್ರಿಗಳು, ಮಾಕುಟ್ಟದಲ್ಲಿ ಗಡಿ. ಬೆಳಿಗ್ಗೆ ಗಂಜಿ ಕುಡಿದು ಹೊರಟ ಲಾರಿ ಮಧ್ಯಾಹ್ನದ ಊಟಕ್ಕೆ ಇಡೀ ರಾಜ್ಯ ದಾಟಿ ಮಲಬಾರು ಸೇರುತ್ತಿತ್ತು.

ನನ್ನದು ಘಟ್ಟದ ಕೆಳಗೆ, ಪುತ್ತೂರಿನ ಕಡೆ. ಮನೆಮಾತು ತುಳು. ಅಪ್ಪ ತೀರಿಕೊಂಡಿದ್ದರು. ಅಮ್ಮ ಮತ್ತು ಇಬ್ಬರು ತಂಗಿಯರು ಸೋದರಮಾವನ ಮನೆಯಲ್ಲಿ ಇದ್ದರು. ಇದ್ದರು ಅನ್ನುವುದಕ್ಕಿಂತ ಆ ಮನೆಯವರ ಮುಖ ನೋಡಿಕೊಂಡು ದಿನ ನೂಕುತ್ತಿದ್ದರು ಅನ್ನಬೇಕು. ನನಗೆ ಕೆಲಸ ಕಾಯಂ ಆದ ದಿನ ಅವರನ್ನು ಕರೆಸಿಕೊಳ್ಳುವುದು ಎಂದು ಮಾತಾಗಿತ್ತು. ಕಾಯಂ ಆಗಲು ಆರು ತಿಂಗಳು ಒಂದು ತಪ್ಪೂ ಇಲ್ಲದೆ ಕಳೆಯಬೇಕು. ಆಫೀಸಿನಲ್ಲಿ ಕನ್ನಡ, ಪಿಕ್ಕಿಂಗಿಗೆ ಬರುವ ಹೆಂಗಸರ ಹತ್ತಿರ ಅರ್ಧಂಬರ್ಧ ತಮಿಳು, ಅಂಗಡಿಯ ಕಾಕನ ಹತ್ತಿರ ಮಲಯಾಳ, ಎಸ್ಟೇಟಿನ ಒಡೆಯನಾದ ಬಂಗಲೆಯ ಬಿಳಿ ದೊರೆಯ ಹತ್ತಿರ ಇಂಗ್ಲಿಷು. ಬಾಯಿಗೆ ರಜೆಯೇ ಇರಲಿಲ್ಲ. ತುಳು ಮಾತ್ರ ಯಾರ ಹತ್ತಿರವೂ ಬೇಕಾಗುತ್ತಿರಲಿಲ್ಲ. ಅದು ಒಳಗೆ ಸುಮ್ಮನೆ ಮಲಗಿತ್ತು.

ಮೊದಲ ದಿನ ಡ್ರೈವರಣ್ಣ ನನ್ನನ್ನು ಮೇಲಿಂದ ಕೆಳಗೆ ನೋಡಿ, ರೈಟ್ರು ಅಂದರೆ ನೀವೇನಾ ಎಂದು ಕೇಳಿದರು. ಹೌದು ಎಂದೆ. "ಹೆಸ್ರಲ್ಲೇ ರೈಟು ಅದೆ. ಇನ್ನು ತಪ್ಪೆಲ್ಲ ನಮ್ದೇ ಬುಡಿ" ಎಂದು ಬೀಡಿ ಹೊತ್ತಿಸಿಕೊಂಡರು. ನನಗೆ ಸಿಟ್ಟು ಬಂತು. ಇಪ್ಪತ್ತೆರಡರ ವಯಸ್ಸಿನಲ್ಲಿ ನನಗೆ ಬೇಗ ಸಿಟ್ಟು ಬರುತ್ತಿತ್ತು, ಈಗಲೂ ಬರುತ್ತದೆ. ಆದರೆ ಒಂದು ವಾರದೊಳಗೆ ಅವರ ಲಾರಿಯ ಸದ್ದು ಕೇಳಿದರೆ ಆಫೀಸಿನಿಂದ ಹೊರಗೆ ಬಂದು ನಿಲ್ಲುವ ಅಭ್ಯಾಸವಾಯಿತು.

ಲಾರಿ ಮಿಲಿಟರಿಯವರು ಬಳಸಿ ಬಿಟ್ಟದ್ದು. ಹ್ಯಾಂಡಲ್ ಹೊಡೆದು ಸ್ಟಾರ್ಟ್ ಮಾಡಬೇಕು. ಅದನ್ನು ಅವರು ಅಮ್ಮಣ್ಣಿ ಎಂದು ಕರೆಯುತ್ತಿದ್ದರು. ಏರು ಬಂದರೆ "ಒಸಿ ತಡ್ಕೋ ಅಮ್ಮಣ್ಣಿ" ಎನ್ನುವರು, ಇಳಿಜಾರು ಬಂದರೆ ಹಲ್ಲು ಕಚ್ಚಿ ಮಾತು ನಿಲ್ಲಿಸುವರು. ತಲೆಹೊರೆ ಹೊತ್ತ ಹೆಂಗಸರು ಕಂಡರೆ ನಿಲ್ಲಿಸದೆ ಹೋದದ್ದಿಲ್ಲ. ಇನ್ನೊಂದು ವಿಚಿತ್ರ ಅಭ್ಯಾಸವಿತ್ತು. ನೂರಾರು ಸಲ ಓಡಾಡಿದ ರಸ್ತೆಯಲ್ಲೂ ಕವಲು ಬಂದಾಗ ಗಾಡಿ ನಿಧಾನ ಮಾಡಿ, ದಾರಿಯಲ್ಲಿ ನಿಂತವರನ್ನು ಇದು ಸಿದ್ದಾಪುರದ ದಾರಿ ತಾನೇ ಎಂದು ಕೇಳುವರು. ಕೇಳಿಸಿಕೊಂಡವರು ನಗುತ್ತಿದ್ದರು. ನನಗೂ ಇದೇನು ಹುಚ್ಚು ಅನ್ನಿಸಿ ಒಮ್ಮೆ ಕೇಳಿಯೇಬಿಟ್ಟೆ.

ಆಗ ಹೇಳಿದ್ದು ಮದುವೆ ಪಾತ್ರೆಯ ಕಥೆ. ನಾನು ಬರುವ ಹಿಂದಿನ ವರ್ಷ ದೊರೆಯ ಪರಿಚಯದ ಮನೆಯೊಂದರ ಮದುವೆಗೆ ಕೊಪ್ಪರಿಗೆ, ಹಂಡೆ, ಬೆಂಚು ಎಲ್ಲವನ್ನೂ ಅಮ್ಮತ್ತಿಗೆ ಮುಟ್ಟಿಸಲು ಎಸ್ಟೇಟಿನ ಲಾರಿ ಕೊಟ್ಟಿದ್ದರಂತೆ. ಡ್ರೈವರಣ್ಣ ಸಿದ್ದಾಪುರ ದಾಟಿದರು. ಎಂಜಿನ್ನಿನಲ್ಲಿ ಏನೋ ಹೊಸ ಟಕಟಕ ಕೇಳಿ ಅದನ್ನೇ ಆಲಿಸುತ್ತ ಕೂತರು. ಅಮ್ಮತ್ತಿ ಹೋಯಿತು, ವಿರಾಜಪೇಟೆ ಹೋಯಿತು. ಕಾಫಿ ಮೂಟೆ ಹೊತ್ತು ವಾರಕ್ಕೊಮ್ಮೆ ಹೋಗುವ ದಾರಿಯಲ್ಲಿ ಕೈಕಾಲು ತಮ್ಮಷ್ಟಕ್ಕೆ ತಾವೇ ಘಟ್ಟ ಇಳಿದು ಮಾಕುಟ್ಟದ ಚೆಕ್‌ಪೋಸ್ಟಿನ ಮುಂದೆ ಬ್ರೇಕು ಹಾಕಿದವು. ಗಾರ್ಡು ಹಿಂದೆ ಹತ್ತಿ ನೋಡಿ, ಕಾಫಿ ಎಲ್ಲಿ, ಮಲಬಾರಿನಲ್ಲಿ ಯಾರ ಮನೆ ಊಟ ಎಂದು ಕೇಳಿದ. ಅಮ್ಮತ್ತಿಯಲ್ಲಿ ಅಕ್ಕಿ ತೊಳೆದಿಟ್ಟುಕೊಂಡ ಅಡುಗೆಯವರು ಪಾತ್ರೆಗೆ ಕಾಯುತ್ತಿದ್ದರು. ಮದುವೆ ಮನೆಯ ಹೆಂಗಸರು ಅವರಿಗೆ ಮಾಡಿದ ಮರ್ಯಾದೆಯನ್ನು ಅವರು ಪೂರ್ತಿ ಹೇಳಲಿಲ್ಲ. ದೊರೆ ಅದನ್ನು ಅವರ ಫೈಲಿನಲ್ಲಿ ಬರೆದಿಟ್ಟರು: ಮೊದಲ ಸಲ, ಇನ್ನೊಮ್ಮೆಯಾದರೆ ಲಾರಿ ಇಲ್ಲ.

"ದಾರಿ ಗೊತ್ತಿಲ್ದೋನು ತಪ್ಪಲ್ಲ ರೈಟ್ರೇ. ಅವನು ಕೇಳ್ಕಂಡು ಕೇಳ್ಕಂಡು ಹೋಯ್ತಾನೆ. ಕೈಕಾಲಿಗೆ ದಾರಿ ಬಂದ್ಮೇಲೆ ತಲೆ ಮಲೀಕತದೆ. ಅದ್ಕೇ ನಾನು ಕೇಳೋದು, ತಲೆ ಎಬ್ಬಿಸಕ್ಕೆ" ಎಂದರು.

ನನ್ನ ಆರು ತಿಂಗಳಲ್ಲಿ ಐದು ಮುಗಿದಿತ್ತು. ಜನವರಿ, ಕಾಫಿ ಸಾಗಿಸುವ ಭರಾಟೆ. ಮಲಬಾರಿನಲ್ಲಿದ್ದ, ಕಾಫಿಯ ಸಿಪ್ಪೆ ಬಿಡಿಸುವ ಕ್ಯೂರಿಂಗ್ ಕಾರ್ಖಾನೆಗೆ ಒಂದು ಲೋಡ್ ಒಣಗಿದ ಕಾಫಿ ಹೋಗಬೇಕಿತ್ತು. ಅಲ್ಲಿ ಕಾಗದಪತ್ರಕ್ಕೆ ಸಹಿ ಹಾಕಿಸಿಕೊಂಡು ಬರಲು ನನ್ನನ್ನೂ ಕಳಿಸಿದರು. ಕ್ಲೀನರ್ ಜ್ವರದಿಂದ ಮಲಗಿದ್ದ. ಬೆಳಿಗ್ಗೆ ಏಳಕ್ಕೆ ಹೊರಟೆವು. ಎಸ್ಟೇಟಿನ ಗೇಟು ದಾಟುವಾಗ ಮಂಜು ತೆಳ್ಳಗಿತ್ತು. ನೆಲ್ಯಹುದಿಕೇರಿಯ ಕಡೆಗೆ ಇಳಿಯುತ್ತ ಹೊಳೆ ಹತ್ತಿರವಾದಂತೆಲ್ಲ ಅದು ದಪ್ಪವಾಗಿ, ಕೊನೆಗೆ ಲಾರಿಯ ಮೂತಿಯೇ ನಮಗೆ ಕಾಣದಂತಾಯಿತು.

ಊರಿಗೆ ಮೊದಲು ಒಂದು ಕವಲು ಇತ್ತು. ಎಡಕ್ಕೆ ಹೊಳೆ ದಾಟುವ ದೊಡ್ಡ ರಸ್ತೆ. ಬಲಕ್ಕೆ ಗದ್ದೆಬಯಲಿಗೆ ಹೋಗುವ ಎತ್ತಿನ ಗಾಡಿಯ ಜಾಡು. ಡ್ರೈವರಣ್ಣ ಕವಲಿಗೆ ಮೊದಲೇ ಗಾಡಿ ನಿಲ್ಲಿಸಿ, ನೀವು ಇಳಿದು ಮುಂದೆ ನಡೆಯಬೇಕು, ರಸ್ತೆ ನೋಡಿ ಕೂಗಬೇಕು ಎಂದರು. ಬರ್ಮಾದಲ್ಲಿ ಲೈಟು ಹಾಕದೆ ಸಾಲಾಗಿ ಲಾರಿ ಹೋಗುವಾಗ ಮುಂದೊಬ್ಬ ಬಿಳಿ ಬಟ್ಟೆ ಹಿಡಿದು ನಡೆಯುತ್ತಿದ್ದನಂತೆ. ಅವನು ಹೇಳಿದ ಕಡೆಗೆ ತಿರುಗಿಸಬೇಕು, ಎದುರು ಮಾತಿಲ್ಲ, ಸ್ವಂತ ಬುದ್ಧಿಯೂ ಇಲ್ಲ. ಒಮ್ಮೆ ಒಬ್ಬ ಡ್ರೈವರ್ ತನಗೇ ಹೆಚ್ಚು ಗೊತ್ತು ಎಂದು ಬೇರೆ ಕಡೆ ತಿರುಗಿಸಿ ಲಾರಿಯ ಸಮೇತ ಕಣಿವೆಗೆ ಹೋದದ್ದನ್ನು ಇವರು ಹಿಂದಿನ ಲಾರಿಯಿಂದ ಕಂಡಿದ್ದರು.

"ಇಳಿದೋನಿಗೆ ಕಣ್ಣು, ಕೂತೋನಿಗೆ ಬರೀ ಕೈಕಾಲು" ಎಂದು ಹೇಳಿ, ನನಗೆ ಪಾಠ ಮಾಡಿದರು. ಮೂರೇ ಮಾತು ಆಡಬೇಕು: ಎಡ, ಬಲ, ನಿಲ್ಲಿಸಲು ಹೋಲ್ಡಾನ್. ಅಪ್ಪಿತಪ್ಪಿಯೂ ರೈಟ್ ಅನ್ನಬಾರದು. ಗಾಡಿಯವರ ಭಾಷೆಯಲ್ಲಿ ರೈಟ್ ಅಂದರೆ ಹೊರಡು ಎಂದರ್ಥ. ಬಲಕ್ಕೆ ತಿರುಗಿಸು ಅನ್ನುವುದಕ್ಕೆ ರೈಟ್ ಎಂದದ್ದರಿಂದ ಎಷ್ಟೋ ಗಾಡಿ ಚರಂಡಿಗೆ ಇಳಿದಿವೆ. ಬಲಕ್ಕೆ ಬಲ ಅನ್ನಿ, ಕನ್ನಡದಲ್ಲಿ ಅನ್ನಿ. ಅಷ್ಟು ಜಾಗ್ರತೆ ಅವರದು. ನಾನು ತಲೆಯಾಡಿಸಿ, ಪಂಚೆ ಎತ್ತಿ ಕಟ್ಟಿ, ಕರವಸ್ತ್ರ ಬಿಚ್ಚಿ ಹಿಡಿದುಕೊಂಡು ಇಳಿದೆ.

ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ಲಾರಿ ಮಂಜಿನಲ್ಲಿ ಕಾಣೆಯಾಯಿತು. ಸದ್ದು ಮಾತ್ರ ಬೆನ್ನ ಹಿಂದೆ. ನನಗೆ ಹೆದರಿಕೆಯಾಯಿತು, ಆ ದಾರಿಯಲ್ಲಿ ಆನೆ ಓಡಾಡುವುದನ್ನು ಲೈನುಮನೆಗಳ ಕೂಲಿಯವರು ದಿನಾ ಹೇಳುತ್ತಿದ್ದರು. ಕಾಲಲ್ಲಿ ತಡವಿಕೊಂಡು ಎಡಕ್ಕೆ ಹೋದೆ. ಜಲ್ಲಿ ಸಿಕ್ಕಿತು. ದೊಡ್ಡ ರಸ್ತೆ ಇದೇ ಎಂದು ಖಾತ್ರಿಯಾಯಿತು. ಆ ಖುಷಿಗೋ ಆ ಹೆದರಿಕೆಗೋ, ಐದು ತಿಂಗಳಿಂದ ಮಲಗಿದ್ದದ್ದು ಒಮ್ಮೆಲೇ ಎದ್ದು ಬಾಯಿಗೆ ಬಂತು. ಹಿಂದೆ ತಿರುಗಿ ಗಟ್ಟಿಯಾಗಿ "ಬಲ, ಬಲ, ಬಲ" ಎಂದು ಕೂಗಿದೆ.

ತುಳುವಿನಲ್ಲಿ ಬಲ ಅಂದರೆ ಬಾ.

ಇಷ್ಟು ವರ್ಷವಾದ ಮೇಲೂ ಈ ಮಾತಿನ ಹತ್ತಿರ ಬಂದಾಗ ನನ್ನ ಕಿವಿ ಬಿಸಿಯಾಗುತ್ತದೆ. ಡ್ರೈವರಣ್ಣನನ್ನೇ ಕರೆದಿದ್ದರೆ ಬಲೆ ಅನ್ನುತ್ತಿದ್ದೆ, ದೊಡ್ಡವರನ್ನು ಹಾಗೆ ಕರೆಯಬೇಕು. ಅದನ್ನು ಕೇಳಿದ್ದರೆ ಅವರು ಬ್ರೇಕು ಹಾಕಿ ಇದ್ಯಾವ ಮಾತು ಎಂದು ಕೇಳುತ್ತಿದ್ದರು, ಎಲ್ಲರೂ ಉಳಿದುಕೊಳ್ಳುತ್ತಿದ್ದೆವು. ನಾನು ಕರೆದದ್ದು ಲಾರಿಯನ್ನು, ಹಟ್ಟಿಯ ದನವನ್ನು ಕರೆದ ಹಾಗೆ. ಒಂದು ಗಳಿಗೆ ಎಂಜಿನ್ನು ಅನುಮಾನಿಸಿದಂತೆ ಸದ್ದು ತಗ್ಗಿಸಿತು. ಎಡಕ್ಕೇ ಹೋಗಬೇಕೆಂದು ಅವರಿಗೆ ಗೊತ್ತಿತ್ತು. ನನಗಿಂತ ನೂರು ಪಾಲು ಗೊತ್ತಿತ್ತು. ಆದರೆ ಕೆಳಗೆ ಇಳಿದವನು ಮೂರು ಸಲ ಬಲ ಎಂದಿದ್ದಾನೆ. ರಸ್ತೆ ಕುಸಿದಿರಬೇಕು, ಇಲ್ಲವೇ ಆನೆ ನಿಂತಿರಬೇಕು ಎಂದುಕೊಂಡು ಸ್ಟಿಯರಿಂಗನ್ನು ಬಲಕ್ಕೆ ತಿರುಗಿಸಿದರು.

ಲಾರಿ ನನ್ನ ಕಡೆ ಬರುವ ಬದಲು ದೂರ ಹೋಗುವ ಸದ್ದು ಕೇಳಿತು. ಆಮೇಲೆ ಏನೋ ಮುರಿದ ಸದ್ದು, ಮೂಟೆಗಳು ಧೊಪ್ಪನೆ ನೀರಿಗೆ ಬಿದ್ದ ಸದ್ದು. ಓಡಿದೆ. ಲಾರಿಯ ಮುಂದಿನ ಚಕ್ರ ಗದ್ದೆಯ ಬದು ಒಡೆದು ನೀರು ಹರಿಯುವ ತೋಡಿಗೆ ಇಳಿದು, ಗಾಡಿ ಒಂದು ಪಕ್ಕಕ್ಕೆ ಒರಗಿತ್ತು. ಅರ್ಧಕ್ಕಿಂತ ಹೆಚ್ಚು ಮೂಟೆ ತೋಡಿನಲ್ಲಿ. ಡ್ರೈವರಣ್ಣ ಬದುವಿನ ಮೇಲೆ ನಿಂತು ಹಣೆಯ ರಕ್ತ ಒರೆಸಿಕೊಳ್ಳುತ್ತಿದ್ದರು. ನಾನು ಬಂದ ದಿಕ್ಕು ನೋಡಿ ಅವರಿಗೆ ಆಶ್ಚರ್ಯವಾಯಿತು.

"ಬಲ ಅಂದ್ರಲ್ಲ ರೈಟ್ರೇ, ನೀವ್ಯಾಕೆ ಎಡಗಡೆಯಿಂದ ಬಂದ್ರಿ?"

ಬಲ ಅಂದರೆ ನಮ್ಮಲ್ಲಿ ಬಾ ಅಂತ, ಎಂದೆ. ಅವರು ನನ್ನ ಮುಖ ನೋಡಿದರು, ಲಾರಿ ನೋಡಿದರು, ಮತ್ತೆ ನನ್ನ ಮುಖ ನೋಡಿದರು. ಬೈಯುತ್ತಾರೆ ಎಂದು ಕಾದೆ. ಅವರು ಬದುವಿನ ಮೇಲೆ ಕುಕ್ಕರಿಸಿ ನಗಲು ಶುರುಮಾಡಿದರು. ಹಣೆಯಿಂದ ರಕ್ತ ಇಳಿಯುತ್ತಿದೆ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾರೆ. ನಾನು ಅಳುತ್ತಿದ್ದೆ. ಅಮ್ಮ, ತಂಗಿಯರು, ಮಾವನ ಮನೆಯ ಅಡುಗೆಮನೆ, ಇನ್ನೊಂದೇ ತಿಂಗಳು ಉಳಿದದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಅಳುತ್ತಲೇ ಹೇಳಿಬಿಟ್ಟೆ. ಅವರ ನಗು ನಿಂತಿತು.

ಹತ್ತು ಗಂಟೆಗೆ ಮಂಜು ಕರಗಿ ಬಿಸಿಲು ಬಂತು. ಯಾರೋ ಎಸ್ಟೇಟಿಗೆ ಸುದ್ದಿ ಮುಟ್ಟಿಸಿದ್ದರು, ದೊರೆಯ ಜೀಪು ಬಂತು. ಹತ್ತಿರದ ಕಾಡಿನಿಂದ ಮರ ಎಳೆಯುವ ಆನೆ ತರಿಸಿ ಲಾರಿಯನ್ನು ಎತ್ತಿಸಬೇಕಾಯಿತು. ಒದ್ದೆಯಾದ ಕಾಫಿ ಕಾಫಿಯಾಗಿ ಉಳಿದಿರಲಿಲ್ಲ. ದೊರೆ ಕೆಂಪಗಾಗಿ, ಮೊದಲು ನನ್ನ ಕಡೆ ತಿರುಗಿ, ನೀನು ಏನು ಮಾಡುತ್ತಿದ್ದೆ ಎಂದು ಕೇಳಿದರು. ನಾನು ಬಾಯಿ ತೆರೆಯುವುದರೊಳಗೆ ಡ್ರೈವರಣ್ಣ ಅಟೆನ್ಶನ್ನಿಗೆ ನಿಂತು ಮಿಲಿಟರಿ ಇಂಗ್ಲಿಷಿನಲ್ಲಿ, "ರೈಟರ್ ಸ್ಲೀಪಿಂಗ್ ಸಾರ್. ಡ್ರೈವರ್ ಮಿಸ್ಟೇಕ್ ಸಾರ್" ಎಂದರು.

ನಾನು ಬಾಯಿ ಮುಚ್ಚಿದೆ. ಅದನ್ನು ಮತ್ತೆ ತೆರೆಯಲು ಎಷ್ಟು ಕಾಲ ಹಿಡಿಯುತ್ತದೆಂದು ಆಗ ತಿಳಿದಿರಲಿಲ್ಲ.

ಮಾರನೆಯ ದಿನ ಬಂಗಲೆಯಿಂದ ಒಂದು ಮೆಮೊ ಬಂತು. ಡ್ರೈವರಣ್ಣನಿಗೆ ಅದನ್ನು ಓದಿ ಹೇಳಬೇಕಾದವನು ನಾನೇ. ಈ ಕೊಡಗಿನಷ್ಟು ಸಣ್ಣ ರಾಜ್ಯದಲ್ಲಿ, ಇಷ್ಟು ವರ್ಷ ಇದೇ ರಸ್ತೆಯಲ್ಲಿ ಓಡಾಡಿದ ಡ್ರೈವರನೊಬ್ಬ ಹಗಲು ಹೊತ್ತಿನಲ್ಲಿ ದಾರಿ ತಪ್ಪುವುದು ಹೇಗೆ ಎಂಬುದಕ್ಕೆ ಶನಿವಾರದೊಳಗೆ ಬರಹದಲ್ಲಿ ಸಮಜಾಯಿಷಿ ಕೊಡಬೇಕು, ಇಲ್ಲವಾದರೆ ಲಾರಿಯ ಕೀಲಿ ಒಪ್ಪಿಸಬೇಕು ಎಂದಿತ್ತು. ಸಮಜಾಯಿಷಿಯನ್ನು ಇಂಗ್ಲಿಷಿನಲ್ಲಿ ಬರೆಯಬೇಕಾದವನೂ ನಾನೇ.

ಶುಕ್ರವಾರ ಸಂಜೆ ಅವರು ಆಫೀಸಿಗೆ ಬಂದು ನನ್ನ ಎದುರಿನ ಸ್ಟೂಲಿನ ಮೇಲೆ ಕೂತರು. ಹಣೆಗೆ ಪಟ್ಟಿ ಕಟ್ಟಿತ್ತು. ನಿಜವನ್ನೇ ಬರೆಯೋಣ ಎಂದೆ. ಹೇಳಿದೆ ಎಂದು ಹೇಳಿಕೊಳ್ಳುತ್ತೇನೆ, ಆದರೆ ಹೇಳುವಾಗ ಪೆನ್ನಿನ ಕ್ಯಾಪು ಕೂಡ ತೆಗೆದಿರಲಿಲ್ಲ. ಅದನ್ನು ಅವರು ನೋಡಿದರು.

"ನಂಗೆ ಸ್ಟಿಯರಿಂಗು ಎಲ್ಲಾರ ಸಿಗ್ತದೆ. ನಿಮ್ಮ ಪೆನ್ನು ಕಿತ್ಕಂಡ್ರೆ ನಿಮ್ಮವ್ವ ಎಲ್ಲಿಗೋಯ್ತಾರೆ? ಬರ್ಕಳಿ, ನಾನು ಹೇಳ್ತೀನಿ."

ಆಮೇಲೆ ಅವರು ಹೇಳಿದ್ದನ್ನು ನಾನು ಮರೆತಿಲ್ಲ. ಡ್ರೈವರು ದಾರಿ ಯಾಕೆ ತಪ್ಪುತ್ತಾನೆ ಎಂಬುದನ್ನು ಅವರು ಅಷ್ಟು ಯೋಚಿಸಿದ್ದಾರೆಂದು ನನಗೆ ಗೊತ್ತೇ ಇರಲಿಲ್ಲ. ಖಾಲಿ ಗಾಡಿಯಲ್ಲಿ ದಾರಿ ಕಾಣುತ್ತದೆ, ಲೋಡಾದ ಗಾಡಿಯಲ್ಲಿ ಡ್ರೈವರಿಗೆ ಬೆನ್ನ ಹಿಂದಿನ ಭಾರವೇ ಕಾಣುವುದು ಎಂದರು. ತಿರುವು ಬಂದಾಗ ಅವನು ಅದನ್ನು ನೋಡುತ್ತಿರುವುದಿಲ್ಲ, ಅದರ ಆಚೆಯ ಇಳಿಜಾರಿಗೆ ಗೇರು ಬದಲಿಸುವ ಲೆಕ್ಕದಲ್ಲಿರುತ್ತಾನೆ. ಹೋಗುವಾಗ ನೋಡಿದ ಮರ ಬರುವಾಗ ಬೇರೆಯೇ ಮರ. ಮಂಜಿನಲ್ಲಿ ನೀರು ನಿಂತ ಗದ್ದೆಯೂ ರಸ್ತೆಯ ಹಾಗೆ ಬೆಳ್ಳಗೆ ಕಾಣುತ್ತದೆ. ತಪ್ಪಿದೆ ಎಂದು ಗೊತ್ತಾದ ಮೇಲೂ ದೊಡ್ಡ ಗಾಡಿಯನ್ನು ತಿರುಗಿಸಲು ಜಾಗ ಸಿಗುವುದಿಲ್ಲ, ಮುಂದೆ ಸಿಗುತ್ತದೆ ಎಂದು ಹೋಗುತ್ತಾನೆ, ತಪ್ಪು ಇನ್ನೂ ಉದ್ದವಾಗುತ್ತದೆ. ಕಾರಿನವನು ಹಿಂದೆ ಬರಬಹುದು, ಲಾರಿಯವನು ತಪ್ಪಿದ ದಾರಿಯನ್ನು ಕೊನೆಯವರೆಗೆ ಓಡಿಸಲೇಬೇಕು.

ನಾನು ಬರೆಯುತ್ತ ಹೋದೆ. ಇಂಗ್ಲಿಷು ಒಳ್ಳೆಯದೇ ಬಂತು, ನಾಚಿಕೆಯಾಗುವಷ್ಟು ಒಳ್ಳೆಯದು. ಎಲ್ಲ ನಿಜ, ಅಂದಿನ ಬೆಳಿಗ್ಗೆಗೆ ಮಾತ್ರ ಅದರಲ್ಲಿ ಒಂದೂ ನಿಜವಲ್ಲ. ಕೊನೆಗೆ ಸಹಿಯ ಜಾಗದಲ್ಲಿ ಮಿಲಿಟರಿಯಲ್ಲಿ ಕಲಿತ ಇಂಗ್ಲಿಷ್ ಅಕ್ಷರಗಳಲ್ಲಿ ಹೆಸರು ಬರೆದು, ಇದನ್ನು ಮನೆಯವಳಿಗೂ ಹೇಳಬೇಡಿ, ಅವಳ ಬಾಯಲ್ಲಿ ಒಂದು ಮಾತು ನಿಲ್ಲುವುದಿಲ್ಲ ಎಂದರು. ಅವರು ಹೋದ ಮೇಲೆ ನನಗೆ ಆದದ್ದು ದುಃಖವಲ್ಲ, ಸಮಾಧಾನ. ಅದನ್ನು ಮುಚ್ಚಿಟ್ಟು ಏನು ಪ್ರಯೋಜನ.

ದೊರೆ ಎರಡು ಪುಟ ಓದಿ ಮುಗಿಸಿ ನಕ್ಕರು. ಈ ವಿಷಯದ ಮೇಲೆ ಇದಕ್ಕಿಂತ ಚೆನ್ನಾದ ಬರಹ ಓದಿಲ್ಲ ಎಂದು ಹೊಗಳಿದರು. ದಾರಿ ತಪ್ಪುವುದರ ಬಗ್ಗೆ ಇಷ್ಟೆಲ್ಲ ತಿಳಿದವನ ಕೈಗೆ ಲಾರಿ ಕೊಡಲು ಮಾತ್ರ ತನಗೆ ಧೈರ್ಯವಿಲ್ಲ ಎಂದು ಕೀಲಿ ಕೇಳಿದರು. ಕೀಲಿಗಳನ್ನು ತೂಗುಹಾಕುವ ಹಲಗೆ ಇದ್ದದ್ದು ನನ್ನ ಮೇಜಿನ ಹಿಂದೆ. ಡ್ರೈವರಣ್ಣ ಕೀಲಿಯನ್ನು ಅಂಗಿಯ ತುದಿಯಲ್ಲಿ ಒರೆಸಿ ನನ್ನ ಮುಂದೆ ಇಟ್ಟು, ಅಮ್ಮಣ್ಣಿಗೆ ಬೆಳಿಗ್ಗೆ ಬಿಸಿನೀರು ಹಾಕಲು ಹೊಸಬನಿಗೆ ಹೇಳಿ ಎಂದರು. ಅಂದು ಸಂಜೆ ನಾನು ಬಂಗಲೆಯ ಮೆಟ್ಟಿಲವರೆಗೆ ಹೋದೆ. ಮೂರು ಮೆಟ್ಟಿಲು ಹತ್ತಿದೆ ಕೂಡ. ಒಳಗಿಂದ ಬಟ್ಲರ್ ಯಾರದು ಎಂದು ಕೇಳಿದ, ಯಾರೂ ಇಲ್ಲ ಎಂದು ಇಳಿದು ಬಂದೆ. ಮುಂದಿನ ತಿಂಗಳು ಕೆಲಸ ಕಾಯಂ ಆಯಿತು. ಅಮ್ಮ ಬಂದರು, ತಂಗಿಯರು ಬಂದರು. ಇಬ್ಬರ ಮದುವೆಯನ್ನೂ ಎಸ್ಟೇಟಿನವರು ಕೊಟ್ಟ ಲೈನುಮನೆಯಿಂದಲೇ ಮಾಡಿದೆ.

ಡ್ರೈವರಣ್ಣನಿಗೆ ಮತ್ತೆ ಎಸ್ಟೇಟಿನಲ್ಲಿ ಕೆಲಸ ಸಿಗಲಿಲ್ಲ. ದಾರಿ ತಪ್ಪುವ ಡ್ರೈವರು ಎಂಬ ಹೆಸರು ಅವರಿಗಿಂತ ಮೊದಲೇ ಪ್ರತಿ ಗೇಟಿಗೂ ಹೋಗಿ ಕೂತಿತ್ತು. ಕುಶಾಲನಗರದ ಕಡೆಯ ಮರದ ವ್ಯಾಪಾರಿಯೊಬ್ಬನ ಲಾರಿ ಹಿಡಿದರು. ಕಾಡಿನೊಳಗಿನ ಕೆಲಸ, ಹದಿನೈದು ದಿನಕ್ಕೊಮ್ಮೆ ಮನೆ. ಮಕ್ಕಳನ್ನು ಅವರ ಹೆಂಡತಿ ಒಬ್ಬರೇ ದೊಡ್ಡವರನ್ನಾಗಿ ಮಾಡಿದರು. ಕೊಡಗು ಮೈಸೂರಿಗೆ ಸೇರಿತು, ದೊರೆ ಎಸ್ಟೇಟು ಮಾರಿ ಹಡಗು ಹತ್ತಿದರು, ನಾನು ಹೆಡ್ ರೈಟರ್ ಆದೆ. ಆಗಲಾದರೂ ಹೇಳಬಹುದಿತ್ತು. ಯಾರಿಗೆ ಹೇಳುವುದು, ಈಗ ಯಾಕೆ ಎಂದು ನನಗೆ ನಾನೇ ಸಮಜಾಯಿಷಿ ಬರೆದುಕೊಂಡೆ.

ಅವರಿಗೆ ಮಾತ್ರ ನನ್ನ ಮೇಲೆ ಒಂದು ಚೂರೂ ಬೇಸರವಿರಲಿಲ್ಲ. ಮರದ ಲಾರಿ ಚೆಟ್ಟಳ್ಳಿಯ ಮೇಲೆ ಹೋಗುವಾಗ ಗೇಟಿನ ಮುಂದೆ ನಿಲ್ಲಿಸಿ ಹಾರನ್ ಹೊಡೆಯುವರು. ನಾನು ಹೊರಗೆ ಬಂದರೆ "ಬಲ ರೈಟ್ರೇ, ಬಲ" ಎಂದು ಕರೆಯುವರು. ಅವರಿಗೆ ಬರುತ್ತಿದ್ದ ತುಳು ಅಷ್ಟೇ. ಒಮ್ಮೆ ನಾನು, ದೊಡ್ಡವರಿಗೆ ಬಲೆ ಅನ್ನಬೇಕು, ಚಿಕ್ಕವರಿಗೆ ಬಲ, ನೀವು ಅಂದದ್ದು ಸರಿಯಾಗಿದೆ ಎಂದು ವ್ಯಾಕರಣ ಹೇಳಿದೆ. ಅದನ್ನು ಅವತ್ತೇ ಹೇಳಿಕೊಟ್ಟಿದ್ದರೆ ಚೆನ್ನಾಗಿತ್ತು ಎಂದು ಕಣ್ಣು ಕಿರಿದು ಮಾಡಿ ನಕ್ಕರು.

ವರ್ಷಕ್ಕೊಮ್ಮೆ ಯುಗಾದಿಗೆ ಅವರ ಮನೆಗೆ ಹೋಗುತ್ತಿದ್ದೆ. ಅವರ ಹೆಂಡತಿ, ನನಗೆ ಅತ್ತಿಗೆ, ಕೈ ತುಂಬ ಬಡಿಸುವರು, ಬಾಯಿ ತುಂಬ ಮಾತಾಡುವರು. ಮಾತು ಎಲ್ಲಿಂದ ಹೊರಟರೂ ಗಂಡನ ದಾರಿ ತಪ್ಪಿದ ಕಥೆಗೇ ಬಂದು ನಿಲ್ಲುತ್ತಿತ್ತು. ಬರ್ಮಾದಿಂದ ಸರಿಯಾಗಿ ಮನೆಗೆ ಬಂದವರಿಗೆ ನೆಲ್ಯಹುದಿಕೇರ್ಲಿ ದಾರಿ ತಪ್ತಂತೆ ಎನ್ನುವರು. ಇವರನ್ನು ಅಂಗಡಿಗೆ ಕಳಿಸಿದರೆ ವಾಪಸ್ಸು ಬರುವರೋ ಇಲ್ಲವೋ ಎಂದು ಸೊಸೆಯರನ್ನು ನಗಿಸುವರು. ಒಳ್ಳೆಯ ಎಸ್ಟೇಟು ಕೆಲಸ ಕಳಕೊಂಡು ಕಾಡು ಸೇರಿದರಲ್ಲ ಎಂದು ಒಮ್ಮೊಮ್ಮೆ ಅದರಲ್ಲಿ ಕಹಿಯೂ ಇರುತ್ತಿತ್ತು. ಗಂಡುಮಕ್ಕಳೂ ನಗುವರು. ಡ್ರೈವರಣ್ಣ ಎಲ್ಲರಿಗಿಂತ ಹೆಚ್ಚು ನಗುವರು. ನಾನು ಎಲೆಯ ಮೇಲೆ ಬಗ್ಗಿ ಒಬ್ಬಟ್ಟು ತಿನ್ನುವೆ. "ರೈಟ್ರಿಗೆ ಇನ್ನೊಂದು ಹಾಕೆ, ಸುಮ್ನೆ ಕೂತವ್ರೆ" ಎಂದು ಅವರೇ ಮಾತು ತಿರುಗಿಸುವರು. ತಿರುಗಿಸುವುದರಲ್ಲಿ ಅವರಷ್ಟು ನಿಪುಣರನ್ನು ನಾನು ಕಂಡಿಲ್ಲ.

ಹೀಗೇ ಮೂವತ್ತು ವರ್ಷ. ಒಂದು ದಿನ ಜಗಲಿಯಲ್ಲಿ ಬೀಡಿ ಸೇದುತ್ತ ಕೂತಿದ್ದವರು ಎದೆ ಹಿಡಿದುಕೊಂಡು ಒರಗಿದರಂತೆ. ಸುದ್ದಿ ನನಗೆ ತಲಪಿದ್ದು ತಡವಾಗಿ. ಹನ್ನೊಂದನೆಯ ದಿನದ ಕಾರ್ಯಕ್ಕೆ ಹೋದೆ. ಊಟ ಮುಗಿದು ನೆಂಟರು ಜಗಲಿಯಲ್ಲಿ ಎಲೆಯಡಿಕೆ ಹಾಕುತ್ತಿದ್ದರು. ಅವರ ಮೈದುನನೊಬ್ಬ ಪ್ರೀತಿಯಿಂದಲೇ ಆ ಕಥೆ ತೆಗೆದ: ನಮ್ಮ ಭಾವ ಮೇಲಕ್ಕಾದರೂ ದಾರಿ ತಪ್ಪದೆ ಮುಟ್ಟಿದರೋ ಏನೋ. ನಾಲ್ಕು ಜನ ಮೆಲ್ಲಗೆ ನಕ್ಕರು. ಗೋಡೆಗೆ ಒರಗಿ ಕೂತಿದ್ದ ಅತ್ತಿಗೆಯೂ ಸೆರಗು ಬಾಯಿಗೆ ಹಿಡಿದು ನಕ್ಕರು.

ನನ್ನಿಂದ ತಡೆಯಲಾಗಲಿಲ್ಲ. ಎದ್ದು ಹೋಗಿ ಅತ್ತಿಗೆಯ ಮುಂದೆ ನೆಲದ ಮೇಲೆ ಕೂತು, ಅವರೊಬ್ಬರಿಗೇ ಕೇಳುವಂತೆ ಹೇಳಿದೆ. ಮಂಜು, ಕರವಸ್ತ್ರ, ಮೂರೇ ಮಾತು ಆಡಬೇಕೆಂದು ಅವರು ಹೇಳಿಕೊಟ್ಟದ್ದು, ನಾನು ಕೂಗಿದ್ದು, ದೊರೆಯ ಮುಂದೆ ಅವರು ನನ್ನನ್ನು ನಿದ್ದೆ ಮಾಡಿಸಿದ್ದು, ನನ್ನ ಕೈಯಿಂದ ಬರೆಸಿದ್ದು. ಅತ್ತಿಗೆ ಕಣ್ಣು ಮಿಟುಕಿಸದೆ ಕೇಳಿದರು. ಅವರು ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು.

"ಅಂಗಾದ್ರೆ ಮೂವತ್ತು ವರ್ಷ ನಾನು ಸುಮ್ಸುಮ್ನೆ ಆಡ್ಕಂಡೆ" ಎಂದರು. ನನಗಲ್ಲ, ತಮಗೇ ಹೇಳಿಕೊಂಡರು. "ಒಂದಿನಾನೂ ಇಲ್ಲ ಕಣೆ ಅನ್ನಲಿಲ್ವಲ್ಲ ಆ ಮನುಷ್ಯ" ಎಂದರು. ಎರಡು ಕೈಗಳನ್ನೂ ಮಡಿಲಲ್ಲಿ ಇಟ್ಟುಕೊಂಡು ಅವನ್ನೇ ನೋಡುತ್ತ ಕೂತರು.

ಆಮೇಲೆ ಸೆರಗಿನಿಂದ ಮುಖ ಗಟ್ಟಿಯಾಗಿ ಒರೆಸಿಕೊಂಡು ಎದ್ದು ನಿಂತರು. ಮಕ್ಕಳನ್ನೂ ಸೊಸೆಯರನ್ನೂ ಹಿತ್ತಿಲಿನಿಂದ ಕರೆದರು. ಹೊರಡಲು ಚಪ್ಪಲಿ ಹುಡುಕುತ್ತಿದ್ದ ನೆಂಟರನ್ನೂ ಕೂರಿಸಿದರು. ನನ್ನನ್ನು ತೋರಿಸಿ, ರೈಟ್ರು ಒಂದು ವಿಷಯ ಹೇಳುವುದಿದೆ, ಯಾರೂ ಎದ್ದು ಹೋಗಬೇಡಿ ಎಂದರು. ಜಗಲಿ ತುಂಬಿತು. ನಾನು ಎದ್ದು ನಿಂತೆ. ಅಂದು ಎರಡು ಪುಟ ಇಂಗ್ಲಿಷ್ ಬರೆದ ನನಗೆ ಕನ್ನಡದಲ್ಲಿ ಎಲ್ಲಿಂದ ಶುರುಮಾಡಬೇಕೆಂದು ತಿಳಿಯಲಿಲ್ಲ. ಕೊನೆಯಿಂದಲೇ ಶುರುಮಾಡಿದೆ.

"ಅವರು ದಾರಿ ತಪ್ಪಲಿಲ್ಲ" ಎಂದೆ. "ತಪ್ಪಿದ್ದು ನಾನು."